ಹೇಳಿದ್ದೆನಲ್ಲ!

ನಮ್ಮ ಮನೆಗಳಲ್ಲಿ ದಿನಕ್ಕೆ ಒಂದು ಸಲವಾದರೂ ಕೇಳಿಬರುವ ಮಾತೊಂದಿದೆ: 'ಹೇಳಿದ್ದೆನಲ್ಲ!' ಅಡುಗೆಮನೆಯಲ್ಲಿ ಮಿಕ್ಸಿ ಗುರ್ರೆನ್ನುತ್ತಿರುತ್ತದೆ, ಕುಕ್ಕರು ಮೂರನೆಯ ಸಲ ಕೂಗುತ್ತಿರುತ್ತದೆ. ಯಜಮಾನರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ನಾಳೆ ಮಧ್ಯಾಹ್ನ ನಾಲ್ಕು ಜನ ಊಟಕ್ಕೆ ಬರುತ್ತಾರೆ ಎಂದು ಬಾಗಿಲಿಗೆ ಹೇಳಿ ಹೊರಟುಬಿಡುತ್ತಾರೆ. ಮರುದಿನ ಆ ನಾಲ್ವರು ಬಂದು ಜಗಲಿಯ ಮೇಲೆ ಕುಳಿತಾಗ ನಾವು ಕಣ್ಣು ಕಣ್ಣು ಬಿಡುತ್ತೇವೆ. ಆಗ ಬರುತ್ತದೆ ಆ ಮಾತು. ಅದರ ಮುಂದೆ ನಮ್ಮ ವಾದ ನಡೆಯುವುದಿಲ್ಲ. ಅವರು ಹೇಳಿದ್ದಂತೂ ನಿಜ. ಕೇಳಿಸಲಿಲ್ಲವೆಂದರೆ ತಪ್ಪು ನಮ್ಮ ಕಿವಿಯದು.

ಈ ಮಾತಿಗೆ ಗಂಡಸರನ್ನಷ್ಟೇ ದೂರುವ ಹಾಗಿಲ್ಲ. ನಾನೂ ಇದನ್ನು ಧಾರಾಳವಾಗಿ ಆಡಿದವಳೇ. ತರಗತಿಯಲ್ಲಿ ವರ್ಷಗಟ್ಟಲೆ ನಿಂತವಳಿಗೆ ಇದು ಹಾಜರಿ ಕೂಗುವಷ್ಟೇ ಸಹಜವಾದ ಅಭ್ಯಾಸ. 'ನಿನ್ನೆಯೇ ಹೇಳಿದ್ದೆನಲ್ಲ, ಗ್ರಾಫ್ ಪುಸ್ತಕ ತರಬೇಕು ಅಂತ?' ಎಂದು ಎಷ್ಟು ಮಕ್ಕಳನ್ನು ನಿಲ್ಲಿಸಿ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ 2021ರಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯ ನಂತರ ಈ ಮಾತು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲತೊಡಗಿದೆ. ಹೇಳುವುದು ಎಂದರೇನು? ನನ್ನ ಬಾಯಿಂದ ಹೊರಟ ಕೂಡಲೇ ಅದು ಮುಗಿಯಿತೇ? ಅಥವಾ ಇನ್ನೊಬ್ಬರನ್ನು ಮುಟ್ಟಿದಾಗ ಮುಗಿಯಿತೇ?

ನನ್ನ ಮಗಳು ಆಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಳು. ಕಾಲೇಜಿನ ಹೆಸರು ಬೇಡ. ನಮ್ಮ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳಂತೆ ಅದೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1998ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದಲ್ಲಿ ವೆಬ್ ಪ್ರೋಗ್ರಾಮಿಂಗನ್ನು ಬೇರೆ ಬೇರೆ ಹೆಸರಿನಲ್ಲಿ ಬಹಳ ವರ್ಷಗಳಿಂದ ಕಲಿಸುತ್ತಿದ್ದಾರೆ. ಮಗಳ ಕಾಲಕ್ಕೆ, ಅಂದರೆ 2018ರ ಪಠ್ಯಕ್ರಮದಲ್ಲಿ, ಆರನೆಯ ಸೆಮಿಸ್ಟರಿಗೆ 'ವೆಬ್ ಟೆಕ್ನಾಲಜಿ' ಎಂಬ ವಿಷಯವಿತ್ತು. ಮೊದಲು ಎಚ್‌ಟಿಎಂಎಲ್, ಎಂದರೆ ಪುಟದ ಎಲುಬು ಕಟ್ಟುವುದು. ಆಮೇಲೆ ಸಿಎಸ್‌ಎಸ್, ಅದಕ್ಕೆ ಸೀರೆ ಉಡಿಸುವುದು. ಅನಂತರ ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ಅಂದರೆ ಅದು ಕೇಳಿದ್ದಕ್ಕೆ ಉತ್ತರ ಕೊಡುವಂತೆ ಮಾಡುವುದು. ಹೀಗೆಂದು ನನಗೆ ಅರ್ಥವಾಗುವ ಹಾಗೆ ಅವಳೇ ಬಿಡಿಸಿ ಹೇಳಿದ್ದಳು. ನೂರು ಅಂಕದಲ್ಲಿ 40 ಕಾಲೇಜಿನವರೇ ಕೊಡುವ ಒಳಗಿನ ಅಂಕ, 60 ಕೊನೆಯ ಪರೀಕ್ಷೆಯದು. ಒಳಗಿನ ನಲವತ್ತರಲ್ಲಿ ಟೆಸ್ಟುಗಳ ಜೊತೆಗೆ ಅಸೈನ್‌ಮೆಂಟಿಗೂ ಒಂದು ಪಾಲು.

ಆ ವರ್ಷ ಏಪ್ರಿಲ್ 27ರಿಂದ ರಾಜ್ಯದಲ್ಲಿ ಎರಡನೆಯ ಸಲ ಬಾಗಿಲು ಹಾಕಿತು. ಹಾಸ್ಟೆಲಿನಿಂದ ಹಾಸಿಗೆ ಸುತ್ತಿಕೊಂಡು ಮಗಳು ಧರ್ಮಪುರಕ್ಕೆ ಬಂದಳು. ನಮ್ಮದು ಹಿರಿಯೂರು ತಾಲ್ಲೂಕಿನ ಅಂಚಿನ ಹೋಬಳಿ, ಅತ್ತ ಆಂಧ್ರದ ಗಡಿ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಗಡಿಯ ಆ ಕಡೆಗಿದೆ. ಮನೆಯ ಹಿತ್ತಲಿಗೆ ಹೋದರೆ ಮೊಬೈಲು ಒಮ್ಮೊಮ್ಮೆ ಆಚೆಯ ಟವರನ್ನು ಹಿಡಿದು, ಆಂಧ್ರಪ್ರದೇಶಕ್ಕೆ ಸ್ವಾಗತ ಎಂದು ತೆಲುಗಿನಲ್ಲಿ ಬರೆದು ಕಳಿಸುತ್ತದೆ. ಇಂಥ ಊರಿನ ಮಹಡಿಯ ಮೇಲೆ, ನೀರಿನ ಟ್ಯಾಂಕಿಗೆ ಒರಗಿ, ದುಪ್ಪಟ್ಟಾ ತಲೆಗೆ ಹೊದ್ದುಕೊಂಡು ಅವಳು ವಿಶ್ವವಿದ್ಯಾಲಯದ ಪಾಠ ಕೇಳುತ್ತಿದ್ದಳು.

ಪಾಠಕ್ಕಿಂತ ದೊಡ್ಡ ಕೆಲಸ ಪಾಠದ ಸುದ್ದಿಯನ್ನು ಹಿಂಬಾಲಿಸುವುದಾಗಿತ್ತು. ಇವತ್ತಿನ ತರಗತಿ ಹತ್ತಕ್ಕಲ್ಲ, ಹನ್ನೊಂದಕ್ಕೆ. ಟೆಸ್ಟು ಮುಂದಕ್ಕೆ ಹೋಗಿದೆ. ಲ್ಯಾಬಿನ ಗುಂಪುಗಳನ್ನು ಬದಲಿಸಿದೆ. ಅಸೈನ್‌ಮೆಂಟನ್ನು ಮೇಲ್ ಮಾಡಬೇಡಿ, ಕ್ಲಾಸ್‌ರೂಮಿಗೆ ಹಾಕಿ. ಎಲ್ಲವೂ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿತ್ತು. ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದ ಆ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ, ಆಕ್ಸಿಜನ್ ಸಿಲಿಂಡರ್ ಎಲ್ಲಿ ಸಿಗುತ್ತದೆ ಎಂಬ ಮೊರೆ, ಯಾರದೋ ತಂದೆ ತೀರಿಕೊಂಡ ಸುದ್ದಿ, ಇವುಗಳ ನಡುವೆ ಒಂದು ಸಾಲು ತಾರೀಖಿನದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅದನ್ನು ಆರಿಸಿಕೊಳ್ಳಬೇಕು.

ಮೊದಲ ಅಸೈನ್‌ಮೆಂಟು ಒಂದು ಪುಟ್ಟ ವೆಬ್‌ಸೈಟು ಕಟ್ಟುವುದು. ಮಗಳು ಊರಿನ ಸಂತೆಯ ಬೆಲೆಪಟ್ಟಿಯನ್ನು ಆರಿಸಿಕೊಂಡಳು. ಟೊಮ್ಯಾಟೊ, ಈರುಳ್ಳಿ, ಶೇಂಗಾ ಇವುಗಳ ಬೆಲೆಯನ್ನು ಒಂದು ಕಡೆ ತುಂಬಿದರೆ ಇನ್ನೊಂದು ಕಡೆ ಕಾಣಿಸಬೇಕು. ಕನ್ನಡದಲ್ಲೇ ಕಾಣಿಸಬೇಕೆಂದು ಹಟ ಹಿಡಿದು ಎರಡು ವಾರ ಕುಳಿತು ಮಾಡಿದಳು. ಕೊಡಬೇಕಾದ ದಿನ ಜೂನ್ 14, ಸೋಮವಾರ.

ಜೂನ್ 9ರ ಬುಧವಾರ ಸಂಜೆ ನಮ್ಮಲ್ಲಿ ಗಾಳಿಮಳೆ. ಬೇವಿನ ಮರವೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಫೋನುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಕರೆಂಟು ಬಂದದ್ದು ಶನಿವಾರ. ಅವಳು ಮೊಬೈಲು ಹೊತ್ತಿಸಿದಾಗ ಇನ್ನೂರಕ್ಕೂ ಹೆಚ್ಚು ಸಂದೇಶ ದಬದಬನೆ ಬಿದ್ದವು. ಅವುಗಳಲ್ಲಿ ಒಂದು ಬುಧವಾರ ರಾತ್ರಿ ಹತ್ತು ಗಂಟೆಯದು: ಅಸೈನ್‌ಮೆಂಟನ್ನು ಸೋಮವಾರದ ಬದಲು ಶುಕ್ರವಾರ ಸಂಜೆ ಐದರೊಳಗೆ ಹಾಕಬೇಕು, ತಡವಾದದ್ದಕ್ಕೆ ಅಂಕವಿಲ್ಲ.

ಅವಳು ಕೂಡಲೇ ಉಪನ್ಯಾಸಕಿಗೆ ಬರೆದಳು. 'ಗ್ರೂಪಿನಲ್ಲಿ ಹಾಕಿದ್ದೆನಲ್ಲ' ಎಂದು ಉತ್ತರ ಬಂತು. ಕರೆಂಟು ಇರಲಿಲ್ಲ ಎಂದರೆ, 'ಎಲ್ಲರೂ ಇದನ್ನೇ ಹೇಳ್ತಾರೆ' ಎಂದು ಮತ್ತೊಂದು. ಮಗಳು ಅಳಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಅಡುಗೆಮನೆಗೆ ಬಂದು, 'ಅಮ್ಮ, ಅಂಕ ಹೋದ್ರೆ ಹೋಗ್ಲಿ. ನಾನು ಸುಳ್ಳು ಹೇಳ್ತಿದೀನಿ ಅಂದಂಗಾಯ್ತಲ್ಲ' ಎಂದಳು.

ನನಗೆ ತಡೆಯಲಾಗಲಿಲ್ಲ. ದೊಡ್ಡ ಮಕ್ಕಳ ವಿಷಯದಲ್ಲಿ ತಾಯಂದಿರು ನಡುವೆ ಬರಬಾರದು ಎಂದು ಇತರರಿಗೆ ಉಪದೇಶ ಮಾಡುವ ನಾನೇ ಆ ಉಪನ್ಯಾಸಕಿಗೆ ಫೋನು ಮಾಡಿದೆ. ಜಗಳಕ್ಕೆ ಸಿದ್ಧಳಾಗಿದ್ದೆ. ಆದರೆ ಆ ಕಡೆಯ ದನಿ ದಣಿದಿತ್ತು. ಹಿಂದೆ ಚಿಕ್ಕ ಮಗು ಅಳುತ್ತಿತ್ತು. 'ಮೇಡಂ, ಎರಡು ಸೆಕ್ಷನ್ನು ನನ್ನ ಮೇಲಿದೆ. ವಿಭಾಗದ ಪರಿಶೀಲನೆಗೆ ಶನಿವಾರವೇ ಅಂಕದ ಪಟ್ಟಿ ಕೊಡಿ ಅಂದ್ರು. ನಾನೇನ್ ಮಾಡ್ಲಿ? ಒಬ್ಬರಿಗೆ ಬಿಟ್ಟರೆ ಹತ್ತು ಜನ ಬರ್ತಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಶುಕ್ರವಾರ ಕೊಟ್ಟವರಿಗೆ ಏನು ಹೇಳ್ಲಿ? ನಾನು ಹೇಳಿದ್ದೆನಲ್ಲ ಮೇಡಂ.'

ಅವರ ಪ್ರಶ್ನೆಗಳೆಲ್ಲ ನ್ಯಾಯವಾದವೇ. ನಾನು 'ಆಯ್ತಮ್ಮ, ಮಗುವನ್ನ ನೋಡ್ಕೊಳ್ಳಿ' ಎಂದು ಫೋನು ಇಟ್ಟೆ. ಅವರ ಕೊನೆಯ ಮಾತು ಮಾತ್ರ ಕಿವಿಯಲ್ಲೇ ಉಳಿಯಿತು. ಅದು ನನ್ನದೇ ದನಿಯ ಹಾಗಿತ್ತು. ಎಲ್ಲಿ ಆಡಿದ್ದೆ, ಯಾರಿಗೆ ಆಡಿದ್ದೆ ಎಂಬುದು ಅಂದು ರಾತ್ರಿ ಮಲಗಿದ ಮೇಲೆ ನೆನಪಾಯಿತು.

ಅದು 2011ರ ಮಾತು. ನಾನು ಆಗ ಬೇರೊಂದು ಹೋಬಳಿಯ ಶಾಲೆಯಲ್ಲಿದ್ದೆ. ಎಂಟನೆಯ ತರಗತಿಯ ಬಡ ಮಕ್ಕಳಿಗೆ ಕೇಂದ್ರ ಸರ್ಕಾರದ್ದೊಂದು ವಿದ್ಯಾರ್ಥಿವೇತನವಿದೆ, ಎನ್‌ಎಂಎಂಎಸ್ ಎನ್ನುತ್ತಾರೆ. 2008ರಲ್ಲಿ ಆರಂಭವಾದದ್ದು. ಒಂದು ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಎರಡನೆಯ ಪಿಯುಸಿಯವರೆಗೆ ನಾಲ್ಕು ವರ್ಷ ಹಣ ಬರುತ್ತದೆ. ಆಗ ವರ್ಷಕ್ಕೆ 6,000 ರೂಪಾಯಿ ಇತ್ತು, 2017ರಿಂದ 12,000 ಆಯಿತು. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ನಮ್ಮ ಶಾಲೆಯಲ್ಲಿ ಅದರ ಜವಾಬ್ದಾರಿ ನನ್ನದಾಗಿತ್ತು.

ಸೋಮವಾರದೊಳಗೆ ಅರ್ಜಿ ಕೊಡಿ ಎಂದು ಮಕ್ಕಳಿಗೆ ಹೇಳಿದ್ದೆ. ಆಮೇಲೆ, ನಮ್ಮ ಮೇಷ್ಟ್ರೊಬ್ಬರು ಶನಿವಾರ ಹೇಗೂ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಾರೆ, ಅವರ ಕೈಯಲ್ಲೇ ಕಳಿಸಿದರೆ ನನಗೆ ಒಂದು ಬಸ್ಸಿನ ಓಡಾಟ ತಪ್ಪುತ್ತದೆ ಎನ್ನಿಸಿತು. ಗುರುವಾರ ಪ್ರಾರ್ಥನೆಯಲ್ಲಿ, 'ನಾಳೆಯೇ ಕೊನೆ' ಎಂದು ಎರಡು ಸಲ ಕೂಗಿ ಹೇಳಿದೆ. ನೋಟೀಸ್ ಬೋರ್ಡಿಗೂ ಅಂಟಿಸಿದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ದಿನವನ್ನು ಹಿಂದಕ್ಕೆ ತಂದವಳು ನಾನೇ, ಕಾರಣ ನನ್ನ ಅನುಕೂಲ.

ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು. ಬಾಯಿಲೆಕ್ಕ ಕೇಳಿದರೆ ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಅವಳ ತುಟಿಯ ಮೇಲಿರುತ್ತಿತ್ತು. ಅದು ಶೇಂಗಾ ಕೀಳುವ ಕಾಲ. ಅವಳು ಅವ್ವನ ಜೊತೆ ಕೂಲಿಗೆ ಹೋಗಿ ಆ ವಾರ ನಾಲ್ಕು ದಿನ ಶಾಲೆಗೆ ಬಂದಿರಲಿಲ್ಲ. ಸೋಮವಾರ ಬೆಳಿಗ್ಗೆ, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣು ಇಟ್ಟುಕೊಂಡೇ, ತಹಸೀಲ್ದಾರರ ಆದಾಯ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಳು. ನಾನು ಹೇಳಿದ್ದು ಅದೇ: 'ಪ್ರೇಯರಿನಲ್ಲಿ ಹೇಳಿದ್ದೆನಲ್ಲ?' ಅವಳು 'ಹ್ಞೂಂ ಮಿಸ್' ಎಂದು ಹೋಗಿ ಜಾಗದಲ್ಲಿ ಕುಳಿತಳು. ಗೊತ್ತಿರಲಿಲ್ಲ ಎಂದು ಸಹ ಹೇಳಲಿಲ್ಲ.

ಆ ಸೋಮವಾರ ನಾನೇ ಬಸ್ಸು ಹತ್ತಿದ್ದರೆ ಅರ್ಜಿ ಹೋಗುತ್ತಿತ್ತು. ನಿಜವಾದ ಕೊನೆಯ ದಿನ ಇನ್ನೂ ಮುಗಿದಿರಲಿಲ್ಲ. ಆದರೆ ಒಂದು ಅರ್ಜಿಗಾಗಿ ಹೋಗುವುದೇ ಎನ್ನಿಸಿತು. ಹೇಳಿದ್ದಾಗಿದೆಯಲ್ಲ ಎಂಬ ಸಮಾಧಾನವೂ ಇತ್ತು. ಹತ್ತನೆಯ ತರಗತಿ ಮುಗಿಸಿ ಅವಳು ಓದು ಬಿಟ್ಟಳು ಎಂದು ಆಮೇಲೆ ತಿಳಿಯಿತು. ಪರೀಕ್ಷೆ ಬರೆದಿದ್ದರೆ ಪಾಸಾಗುತ್ತಿದ್ದಳೋ ಇಲ್ಲವೋ, ಹಣ ಬಂದಿದ್ದರೆ ಓದಿಸುತ್ತಿದ್ದರೋ ಇಲ್ಲವೋ, ಯಾರು ಬಲ್ಲರು? ಹಾಗೆ ಯಾರೂ ಬಲ್ಲದಂತೆ ಆಗಿಹೋಯಿತು ಎಂಬುದೇ ನನ್ನ ಎದೆಯ ಮುಳ್ಳು.

ಈ ಕಥೆಯನ್ನು ಮಗಳಿಗೆ ಮರುದಿನ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಒಂದು ಹಾಳೆ ತೆಗೆದುಕೊಂಡು ನನಗೆ ಪಾಠ ಶುರುಮಾಡಿದಳು.

'ನೋಡಮ್ಮ, ಒಂದು ವೆಬ್ ಪುಟ ಅಲ್ಲಿಂದ ಇಲ್ಲಿಗೆ ಇಡಿಯಾಗಿ ಬರಲ್ಲ. ಸಣ್ಣ ಸಣ್ಣ ತುಂಡಾಗಿ ಬರುತ್ತೆ, ತುಂಡಿಗೊಂದು ನಂಬರು. ಇಲ್ಲಿಗೆ ಬಂದದ್ದಕ್ಕೆ ಇಲ್ಲಿಂದ 'ಬಂತು' ಅಂತ ಉತ್ತರ ಹೋಗಬೇಕು. ಹೋಗದಿದ್ರೆ ಆ ಕಡೆಯ ಯಂತ್ರ ಸ್ವಲ್ಪ ಹೊತ್ತು ಕಾದು ಅದೇ ತುಂಡನ್ನ ಮತ್ತೆ ಕಳಿಸುತ್ತೆ. 'ಬಂತು' ಅನ್ನೋವರೆಗೂ ಅದು ಕಳಿಸಿದ ಲೆಕ್ಕಕ್ಕೆ ಸೇರಲ್ಲ.'

'ಬರಲೇ ಇಲ್ಲ ಅಂದ್ರೆ? ಜನ್ಮವಿಡೀ ಕಳಿಸ್ತಾ ಕೂತ್ಕೊಳುತ್ತಾ?'

'ಇಲ್ಲ. ಕೆಲವು ಸಲ ನೋಡಿ ಕೈಬಿಡುತ್ತೆ. ಆದ್ರೆ ಕೈಬಿಟ್ಟಾಗ 'ನಾನು ಕಳಿಸಿದ್ದೆ' ಅನ್ನಲ್ಲ. 'ತಲುಪಲಿಲ್ಲ' ಅನ್ನುತ್ತೆ.'

ಈ ಪದ್ಧತಿಗೆ ಟಿಸಿಪಿ ಎಂದು ಹೆಸರಂತೆ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬ ಇಬ್ಬರು 1974ರಲ್ಲಿ ಇದರ ರೂಪರೇಖೆಯನ್ನು ಪ್ರಕಟಿಸಿದರು. ಅಮೆರಿಕದ ಅಂದಿನ ಜಾಲವು ಹಳೆಯ ಪದ್ಧತಿಯಿಂದ ಇದಕ್ಕೆ ಬದಲಾದದ್ದು 1983ರ ಜನವರಿ 1ರಂದು. ಅದಕ್ಕೆ ವರ್ಷಕ್ಕೂ ಮುಂಚೆ, 1981ರ ನವೆಂಬರಿನಲ್ಲೇ, ಬದಲಾವಣೆಯ ಯೋಜನೆಯನ್ನು ಎಲ್ಲರಿಗೂ ತಿಳಿಸಿದ್ದರು. ಅಷ್ಟು ಸಾಲದೆಂದು 1982ರಲ್ಲಿ ಒಂದು ದಿನ ಹಳೆಯ ದಾರಿಯನ್ನು ಮುಚ್ಚಿ, ನೋಡಿ, ಮುಂದೆ ಹೀಗೆ ಆಗುತ್ತದೆ ಎಂದು ಎಚ್ಚರಿಸಿದ್ದರು. ಯಂತ್ರ ಕಟ್ಟಿದವರಿಗೆ ಮನುಷ್ಯರ ಸ್ವಭಾವವೂ ಗೊತ್ತಿತ್ತು.

ವೆಬ್ ಎಂಬುದರ ಹುಟ್ಟಿನ ಕಥೆಯೂ ಇಂಥದೇ. ಜಿನೀವಾದ ಬಳಿಯ ಸೆರ್ನ್ ಎಂಬ ವಿಜ್ಞಾನ ಸಂಸ್ಥೆಗೆ ಸಾವಿರಾರು ಜನ ಬರುತ್ತಾರೆ, ಒಂದೆರಡು ವರ್ಷವಿದ್ದು ಹೋಗುತ್ತಾರೆ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪದೆ ಕಳೆದುಹೋಗುತ್ತದೆ. ಇದಕ್ಕೊಂದು ಉಪಾಯವೆಂದು ಟಿಮ್ ಬರ್ನರ್ಸ್-ಲೀ 1989ರಲ್ಲಿ ಬರೆದುಕೊಟ್ಟ ಪ್ರಸ್ತಾಪವೇ ವೆಬ್ ಆಗಿ ಬೆಳೆಯಿತು. 1993ರ ಏಪ್ರಿಲ್ 30ರಂದು ಸೆರ್ನ್ ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಲಿ ಎಂದು ಬಿಟ್ಟುಕೊಟ್ಟಿತು. ಒಬ್ಬರು ಹೇಳಿದ್ದು ಇನ್ನೊಬ್ಬರನ್ನು ಮುಟ್ಟಲಿ ಎಂದು ಹುಟ್ಟಿದ ವಿದ್ಯೆಯನ್ನು ಕಲಿಸುವ ತರಗತಿಯಲ್ಲೇ ಹೇಳಿದ್ದು ಮುಟ್ಟಲಿಲ್ಲವಲ್ಲ ಎಂದು ನಾವಿಬ್ಬರೂ ನಕ್ಕೆವು. ನಗುವಿನ ಜೊತೆಗೆ ಸ್ವಲ್ಪ ಕಹಿಯೂ ಇತ್ತು.

ಆದರೆ ಯೋಚಿಸಿದಷ್ಟೂ ಇದು ಯಂತ್ರದವರು ಕಂಡುಹಿಡಿದ ಹೊಸ ಧರ್ಮವಲ್ಲ ಎನ್ನಿಸಿತು. ನಾನು ಚಿಕ್ಕವಳಿದ್ದಾಗ ಊರಲ್ಲಿ ಡಂಗುರ ಸಾರುತ್ತಿದ್ದರು. ತಳವಾರ ತಮಟೆ ಬಡಿಯುತ್ತ ಬಂದು ಒಂದೇ ಕಡೆ ನಿಂತು ಕೂಗಿ ಹೋಗುತ್ತಿರಲಿಲ್ಲ. ಪ್ರತಿ ಓಣಿಯ ತಿರುವಿನಲ್ಲೂ ನಿಲ್ಲುತ್ತಿದ್ದ. ನಮ್ಮ ಓಣಿಯ ಕೊನೆಯಲ್ಲಿ ಕಿವಿ ಕೇಳದ ಅಜ್ಜಿಯೊಬ್ಬಳಿದ್ದಳು. ಅವಳ ಬಾಗಿಲಿಗೆ ಹೋಗಿ ಕೈಸನ್ನೆಯಲ್ಲಿ ಹೇಳುತ್ತಿದ್ದ, ಅವಳು ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದ. ಕೆರೆಯ ನೀರು ಬಿಡುವ ನೀರುಗಂಟಿಯೂ ಹಾಗೆಯೇ. ಸರದಿ ಬದಲಾಯಿತೆಂದರೆ ಕತ್ತಲಲ್ಲಿ ಲಾಂದ್ರ ಹಿಡಿದು ಆ ರೈತನ ಮನೆಯ ಕದ ತಟ್ಟಿ, ಒಳಗಿನಿಂದ 'ಓ' ಎಂದ ಮೇಲೆ ಹಿಂದಿರುಗುತ್ತಿದ್ದ. ಏಕೆಂದರೆ ತಪ್ಪಿದ್ದು ಒಂದು ಸರದಿಯಲ್ಲ, ಒಂದು ಗದ್ದೆಯ ಬೆಳೆ.

ನಮ್ಮ ಹೆಂಗಸರಿಗಂತೂ ಇದು ಹೇಳಿಕೊಡಬೇಕಾದ ಪಾಠವೇ ಅಲ್ಲ. ಮದುವೆಯ ಕಾರ್ಡನ್ನು ಅಂಚೆಗೆ ಹಾಕಿದರೆ ಕರೆದಂತಾಗುತ್ತದೆಯೇ? 'ಕಾರ್ಡು ಹಾಕಿದ್ರು, ಕರೀಲಿಲ್ಲ' ಎನ್ನುತ್ತೇವೆ. ಮನೆಗೆ ಹೋಗಿ, ಕುಂಕುಮ ಕೊಟ್ಟು, ಬಾಯಿತುಂಬ ಕರೆದು, ಆಕೆ 'ಬರ್ತೀವಿ ಕಣಮ್ಮ' ಎಂದ ಮೇಲೆಯೇ ಅದು ಕರೆಯುವುದು. ಮುಹೂರ್ತ ಬದಲಾಯಿತೆನ್ನಿ, ಆಗ ಕಾರ್ಡಿನ ಪಟ್ಟಿ ಹಿಡಿದು ಪ್ರತಿ ಮನೆಗೂ ಮತ್ತೆ ಸುದ್ದಿ ಮುಟ್ಟಿಸುತ್ತೇವೆ, ಯಾರಾದರೂ ಬಂದು ಖಾಲಿ ಛತ್ರ ನೋಡಿಕೊಂಡು ಹೋಗಬಾರದಲ್ಲ ಎಂದು. ಮದುವೆಮನೆಯಲ್ಲಿ ಇಷ್ಟು ಜಾಗ್ರತೆ ವಹಿಸುವ ನಾನು ಶಾಲೆಯಲ್ಲಿ ಒಂದು ಚೀಟಿ ಅಂಟಿಸಿ ಕೈತೊಳೆದುಕೊಂಡೆ. ಅತಿಥಿಗಳ ಮೇಲಿನ ಭಯ ಮಕ್ಕಳ ಮೇಲೆ ನಮಗಿಲ್ಲ. ಇದೇ ಇರಬೇಕು ಕಾರಣ. ಅತಿಥಿ ಮುನಿಸಿಕೊಂಡರೆ ನಮಗೆ ನಷ್ಟ. ಶೇಂಗಾ ಕೀಳಲು ಹೋದ ಹುಡುಗಿಗೆ ತಿಳಿಯದಿದ್ದರೆ ನಷ್ಟ ಅವಳಿಗೆ ಮಾತ್ರ.

ಹಾಗಾದರೆ ಕೇಳುವವರಿಗೆ ಕರ್ತವ್ಯವೇ ಇಲ್ಲವೇ? ಇದೆ. ಕಣ್ಣೆದುರಿಗಿದ್ದರೂ ನೋಡದ, ಹೇಳುವಾಗ ಕಿಟಕಿಯಾಚೆ ಕಾಗೆ ಎಣಿಸುವ ಮಕ್ಕಳು ನನಗೂ ಗೊತ್ತು. ಇಪ್ಪತ್ತರ ವಯಸ್ಸಿನ ಹುಡುಗಿ ತನ್ನ ಕೆಲಸದ ಸುದ್ದಿ ತಾನೇ ವಿಚಾರಿಸಿಕೊಳ್ಳಬೇಕು. ನೆರೆಯ ಊರಿನ ಗೆಳತಿಗೆ ಯಾರದಾದರೂ ಫೋನಿನಿಂದ ಒಂದು ಮಾತು ಕೇಳಬಹುದಿತ್ತಲ್ಲ ಎಂದು ಮಗಳಿಗೂ ಹೇಳಿದೆ, ಅವಳು ಒಪ್ಪಿದಳು. ಶುಕ್ರವಾರವೇ ಕೊಟ್ಟ ಮಕ್ಕಳ ಮಾತೂ ಸುಳ್ಳಲ್ಲ. ನಿಯಮವೆಂದ ಮೇಲೆ ಕಂಡವರಿಗೆಲ್ಲ ಸಡಿಲಿಸಿದರೆ, ಅದನ್ನು ಪಾಲಿಸಿದವರು ಪೆದ್ದರಾಗುತ್ತಾರೆ. ಬಾಯಿ ಜೋರಿರುವವರಿಗೆ, ಫೋನು ಮಾಡುವ ತಾಯಿ ಇರುವವರಿಗೆ ಮಾತ್ರ ದಯೆ ಸಿಗುತ್ತದೆ. ಅದು ಇನ್ನೂ ದೊಡ್ಡ ಅನ್ಯಾಯ. ನಾನು ಫೋನು ಮಾಡಿದೆ. ಶೇಂಗಾ ಕೀಳುತ್ತಿದ್ದ ಹುಡುಗಿಯ ಅವ್ವ ನನಗೆ ಫೋನು ಮಾಡಿರಲಿಲ್ಲ.

ಆದ್ದರಿಂದ ಪ್ರಶ್ನೆ ದಯೆಯದಲ್ಲ, ಹೇಳುವ ರೀತಿಯದು. ಬಹಳ ಯೋಚಿಸಿ ನಾನೊಂದು ಲೆಕ್ಕಕ್ಕೆ ಬಂದಿದ್ದೇನೆ. ದಿನವನ್ನು ಮುಂದಕ್ಕೆ ಹಾಕಿದಾಗ ಒಮ್ಮೆ ಹೇಳಿದರೆ ಸಾಕು. ಯಾರಿಗಾದರೂ ತಿಳಿಯದಿದ್ದರೆ ಆ ಮಗು ಮುಂಚೆಯೇ ಕೆಲಸ ಮುಗಿಸಿ ತರುತ್ತದೆ, ಅಷ್ಟೇ. ಆದರೆ ದಿನವನ್ನು ಹಿಂದಕ್ಕೆ ತಂದಾಗ, ಒಮ್ಮೆ ಕೊಟ್ಟ ಮಾತನ್ನು ನಾವು ಮುರಿಯುತ್ತಿದ್ದೇವೆ. ಸೋಮವಾರ ಎಂದದ್ದು ನಾವೇ. ಅದನ್ನು ನಂಬಿದ್ದು ಅವರ ತಪ್ಪಲ್ಲ. ನಮ್ಮ ಮಾತನ್ನು ನಂಬಿ ನಿಶ್ಚಿಂತೆಯಾಗಿದ್ದವರನ್ನು ಒಬ್ಬೊಬ್ಬರಾಗಿ ಮುಟ್ಟಬೇಕಾದ ಭಾರ ಮಾತು ಬದಲಿಸಿದವರದೇ. ಮಗಳ ವಿದ್ಯೆಯಲ್ಲೂ ಈ ಭೇದವಿದೆಯಂತೆ. ಮಾತು, ದೃಶ್ಯಗಳನ್ನು ನೇರವಾಗಿ ಕಳಿಸುವಾಗ ಹಲವು ಸಲ ಉತ್ತರಕ್ಕೆ ಕಾಯದ ಪದ್ಧತಿಯನ್ನು ಬಳಸುತ್ತಾರೆ, ಒಂದು ಚೂರು ಕಳೆದರೂ ನಷ್ಟವಿಲ್ಲವೆಂದು. ಒಂದಕ್ಷರವೂ ತಪ್ಪಬಾರದ ಕಡೆ 'ಬಂತು' ಎನ್ನುವವರೆಗೆ ಕಾಯುತ್ತಾರೆ. ಎಲ್ಲಿ ಕಾಯಬೇಕು, ಎಲ್ಲಿ ಬೇಕಿಲ್ಲ ಎಂದು ತೂಗಿ ನೋಡುವುದೇ ವಿವೇಕ.

ಅರವತ್ತು ಜನರನ್ನು ಹೇಗೆ ಮುಟ್ಟುವುದು ಎನ್ನುತ್ತೀರಾ? ಆ ವಾಟ್ಸಾಪಿನಲ್ಲೇ ಸಂದೇಶವನ್ನು ಒತ್ತಿ ಹಿಡಿದು ನೋಡಿದರೆ ಗುಂಪಿನಲ್ಲಿ ಯಾರು ಓದಿದರು, ಯಾರಿಗೆ ತಲುಪಿಲ್ಲ ಎಂದು ಕಾಣುತ್ತದೆ. ತಲುಪದವರು ಬಹುಶಃ ನಾಲ್ಕೈದು ಜನ. ಅವರ ಬಗ್ಗೆ ಉಳಿದವರನ್ನು ವಿಚಾರಿಸಲು ಐದು ನಿಮಿಷ ಸಾಕು. 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂಬ ಗಾದೆ ನಮ್ಮ ಸೋಮಾರಿತನಕ್ಕೆ ಒಳ್ಳೆಯ ನೆಪ. ನೀರಿಗೆ ಬರುತ್ತಾಳೆ, ನಿಜ. ಆದರೆ ಅವಳು ಬರುವ ಹೊತ್ತಿಗೆ ನಲ್ಲಿ ನಿಂತುಹೋಗಿರಬಹುದು. ಹೇಳಿದ್ದನ್ನೇ ಹೇಳಿದರೆ ಕಿಸಬಾಯಿ ದಾಸ ಎನ್ನುತ್ತಾರೆಂಬ ಅಂಜಿಕೆಯೂ ನಮಗಿದೆ. ಮಕ್ಕಳ ಮುಂದೆ ಕಿಸಬಾಯಿ ದಾಸರಾದರೆ ನಮ್ಮ ಗಂಟೇನು ಹೋಗುತ್ತದೆ?

ಈಗ ನಾನು ಶಾಲೆಯಲ್ಲಿ ಒಂದು ನೋಟ್‌ಬುಕ್ಕು ಇಟ್ಟಿದ್ದೇನೆ. ಏನಾದರೂ ಮುಖ್ಯವಾದ ಸುದ್ದಿ ಹೇಳಿದ ದಿನ ಯಾರು ಗೈರುಹಾಜರಿ ಎಂದು ಬರೆಯುತ್ತೇನೆ. ಆ ಮಗುವಿನ ಓಣಿಯ ಇನ್ನೊಂದು ಮಗುವಿಗೆ ಚೀಟಿ ಕೊಟ್ಟು, ಮರುದಿನ ಬಂದು 'ಕೊಟ್ಟೆ ಮಿಸ್, ಅವರವ್ವ ಇದ್ರು' ಎಂದ ಮೇಲೆ ಆ ಹೆಸರಿಗೆ ಗೀಟು ಹಾಕುತ್ತೇನೆ. ಗೀಟು ಬೀಳದ ಹೆಸರಿದ್ದರೆ ಆ ದಿನ ನನ್ನ ಲೆಕ್ಕ ಮುಗಿದಿಲ್ಲ. ಮಹಾ ಕೆಲಸವೇನಲ್ಲ. ಆದರೂ ಸಂಜೆಯ ಬಸ್ಸಿನ ಹೊತ್ತಿಗೆ ಬೇಸರ ಬರುತ್ತದೆ ಎಂಬುದನ್ನು ಮುಚ್ಚಿಡಲಾರೆ. ಆಗೆಲ್ಲ ಕೆಂಪು ಮಣ್ಣಿನ ಉಗುರು ಕಣ್ಣ ಮುಂದೆ ಬರುತ್ತದೆ.

ಮಗಳ ಹೋದ ಅಂಕಗಳು ಹೋದವು, ಅದರಿಂದ ಅವಳ ಬದುಕೇನೂ ನಿಲ್ಲಲಿಲ್ಲ. ಈಗ ಬೆಂಗಳೂರಿನಲ್ಲಿ ಅದೇ ವೆಬ್ಬಿನ ಕೆಲಸದಲ್ಲಿದ್ದಾಳೆ. ಜನ ಅರ್ಜಿ ತುಂಬುವ ಪುಟಗಳನ್ನು ಬರೆಯುತ್ತಾಳೆ. 'ನಿಮ್ಮ ಅರ್ಜಿ ತಲುಪಿದೆ ಅಂತ ತೋರಿಸೋ ಮುಂಚೆ, ಅದು ನಿಜವಾಗ್ಲೂ ಒಳಗೆ ಸೇರಿದೆಯಾ ಅಂತ ನೋಡ್ತೀನಮ್ಮ. ಗುಂಡಿ ಒತ್ತಿದ ತಕ್ಷಣ ತೋರಿಸಿಬಿಡೋದು ಸುಲಭ. ಆದ್ರೆ ಅದು ಸುಳ್ಳಾಗಬಹುದು' ಎಂದು ಒಮ್ಮೆ ಹೇಳಿದಳು. ಅಂಕಪಟ್ಟಿಯಲ್ಲಿ ಇಲ್ಲದ ಪಾಠವನ್ನು ಕಲಿತಳು ಎಂದು ನನಗೆ ಸಮಾಧಾನವಾಯಿತು.

ಆ ಹುಡುಗಿಯನ್ನು ನಾನು 2023ರಲ್ಲಿ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಕಂಡೆ. ಕಂಕುಳಲ್ಲಿ ಮಗು, ಕೈಯಲ್ಲಿ ಸಂತೆಯ ಚೀಲ. ಗುರುತು ಹಿಡಿದು ಮಾತಾಡಿಸಿದವಳು ಅವಳೇ. 'ಚೆನ್ನಾಗಿದೀರಾ ಮಿಸ್?' ಎಂದು ಕಾಲಿಗೆ ಬಗ್ಗಿದಳು. ಚಿಲ್ಲರೆಗೆ ಕಂಡಕ್ಟರು ತಡವರಿಸುತ್ತಿದ್ದಾಗ ಲೆಕ್ಕವನ್ನು ಥಟ್ಟನೆ ಹೇಳಿದಳು. ನನ್ನ ಕಣ್ಣು ತುಂಬಿತು. ಆ ಅರ್ಜಿಯ ವಿಷಯ ತೆಗೆದೆ. ಅವಳಿಗೆ ನೆನಪಿತ್ತು. 'ಅಯ್ಯೋ, ನೀವು ಪ್ರೇಯರ್‌ನಾಗೆ ಹೇಳಿದ್ರಂತಲ್ಲ ಮಿಸ್. ನಾನೇ ಬಂದಿರ್ಲಿಲ್ಲ. ತಪ್ಪು ನಂದೇ' ಎಂದು ನಕ್ಕಳು.

ಹನ್ನೆರಡು ವರ್ಷ ಅವಳು ಆ ತಪ್ಪನ್ನು ತನ್ನದೆಂದು ಹೊತ್ತುಕೊಂಡಿದ್ದಳು. ನಾನು ಅಂದು ಆಡಿದ ಒಂದು ಮಾತು ಅದನ್ನು ಅವಳ ತಲೆಯ ಮೇಲೆ ಇಟ್ಟಿತ್ತು. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವಳ ಕೈ ಹಿಡಿದು, 'ಇಲ್ಲಮ್ಮ, ನಿನಗೆ ನಾನು ಹೇಳಿರಲಿಲ್ಲ. ತಪ್ಪು ನನ್ನದು' ಎಂದೆ. ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, 'ಕೇಳಿಸ್ತು ಮಿಸ್' ಎಂದಳು.